ಖಾನಾವಳಿಯಲ್ಲಿ ಅಣ್ಣ ಕುಡಿದ ನೀರು

ಮಕ್ಕಳೇ, ಆ ದಿನ ಚಿಕ್ಕೋಡಿ ರಸ್ತೆಯ ಖಾನಾವಳಿಯಲ್ಲಿ ಏನಾಯಿತು ಎಂದು ನಿಮ್ಮ ಅಪ್ಪ ನಿಮಗೆ ನಗುನಗುತ್ತಾ ಹೇಳಿದ್ದಾನೆ. ಅವನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದದ್ದನ್ನು ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಮುಖ ನೋಡಿದರೆ ನನ್ನ ನಾಲಿಗೆ ಹಿಂದೆ ಸರಿಯುತ್ತದೆ. ಬರೆಯುವುದಾದರೆ, ಊರ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಣೆಯ ವಿಷಯ ಹೇಳಬೇಕು. ನಿಮ್ಮ ಅಜ್ಜ ತೀರಿಕೊಂಡಾಗ ಕಬ್ಬೂರಿನಿಂದ ನನ್ನ ಅಣ್ಣ ಗಾಡಿ ಮಾಡಿಕೊಂಡು ಬಂದಿದ್ದ. ಗಂಡ ಸತ್ತ ಹೆಣ್ಣುಮಗಳನ್ನು ತವರಿನವರು ಸ್ವಲ್ಪ ದಿನ ಕರೆದುಕೊಂಡು ಹೋಗುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅಣ್ಣನ ಮನಸ್ಸಿನಲ್ಲಿ ಇದ್ದದ್ದು ಸ್ವಲ್ಪ ದಿನ ಅಲ್ಲ. ನನ್ನ ಪೆಟ್ಟಿಗೆಯನ್ನೂ ಗಾಡಿಯಲ್ಲಿ ಇಡಿಸಿದ. ಆಗ ನಿಮ್ಮ ಅಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಚಾಟಣಿ ನಡೆದಿತ್ತು. ಬಳ್ಳಿ ಕತ್ತರಿಸುವ ಆ ದಿನಗಳಲ್ಲಿ ತೋಟ ಬಿಟ್ಟರೆ ಒಂದು ವರ್ಷದ ಬೆಳೆ ಹೋಯಿತೆಂದೇ ಲೆಕ್ಕ. ನಾನು ಬಾಗಿಲಲ್ಲಿ ನಿಂತು ಬರುವುದಿಲ್ಲ ಎಂದೆ.

"ಚಾಟಣಿ ಆಳ ಮಾಡ್ತಾರ. ನೀ ಗಾಡಿ ಹತ್ತು" ಎಂದ ಅಣ್ಣ.

"ಹುಡುಗ ಒಬ್ಬಾಂವ ಅದಾನ ಅಣ್ಣಾ. ನಾ ಇಲ್ಲೇ ಇರ್ತೇನಿ."

"ಹಂಗಾರ ಕೇಳ. ಯಡೂರ ವೀರಭದ್ರನ ಆಣಿ, ಇನ್ನ ಮುಂದ ಈ ಮನೀ ನೀರ ನನ್ನ ಬಾಯಿಗೆ ಹತ್ತೂದಿಲ್ಲ."

ಅಂಗಳದಲ್ಲಿ ನಿಂತ ಜನರೆಲ್ಲ ಕೇಳಿಸಿಕೊಂಡರು. ನಮ್ಮ ಕಡೆ ಸಿಟ್ಟಿನಲ್ಲಿ ಆಡಿದ ಬೇರೆ ಮಾತು ನಾಳೆಗೆ ಮರೆತುಹೋಗುತ್ತದೆ. ಯಡೂರಿನ ವೀರಭದ್ರನ ಮೇಲೆ ಆಣೆ ಮಾಡಿದ ಮೇಲೆ ಅದು ಮರೆಯುವ ಮಾತಲ್ಲ. ಅಣ್ಣ ಆಮೇಲೂ ಬರುತ್ತಿದ್ದ. ತೋಟದ ಒಡ್ಡಿನವರೆಗೆ ಬಂದು, ಬಳ್ಳಿ ನೋಡಿ, ನಿಮ್ಮ ಅಪ್ಪನಿಗೆ ಔಷಧ ಹೊಡೆಯುವುದು ಹೇಗೆ ಎಂದು ಹೇಳಿ ಹೋಗುತ್ತಿದ್ದ. ಬಾಯಿ ಒಣಗಿದರೂ ಒಂದು ಗುಟುಕು ನೀರು ಕೇಳುತ್ತಿರಲಿಲ್ಲ. ಅವನು ನನ್ನ ಮನೆಯ ನೀರು ಮುಟ್ಟದಿದ್ದರೆ ಅವನ ಮನೆಯ ಅನ್ನ ನನ್ನ ಗಂಟಲಲ್ಲಿ ಇಳಿಯುವುದು ಹೇಗೆ? ನಾನೂ ತವರಿಗೆ ಹೋಗುವುದನ್ನು ಬಿಟ್ಟೆ. ಪಂಚಮಿಗೆ ಎಲ್ಲರ ಅಣ್ಣಂದಿರು ಕರೆಯಲು ಬರುವಾಗ ನಾನು ಹಿಂದಿನ ಬಾಗಿಲು ಹಾಕಿಕೊಂಡು ಜೋಳ ಹಸನು ಮಾಡುತ್ತಾ ಕೂರುತ್ತಿದ್ದೆ.

ಇಬ್ಬರೂ ಹೋಟೆಲಿನಲ್ಲಿ ಕೂಡಿ ಉಣ್ಣುವ ಉಪಾಯ ನಿಮ್ಮ ಅಪ್ಪನದು. ಹೋಟೆಲಿನ ನೀರು ಯಾರ ಮನೆಯದೂ ಅಲ್ಲವಲ್ಲ ಎಂದ. ಮೊದಲ ಸಲ ನಿಪ್ಪಾಣಿಯಲ್ಲಿ, ನನ್ನ ಕಣ್ಣು ತೋರಿಸಲು ಹೋದಾಗ, ಅಣ್ಣನನ್ನೂ ಅಲ್ಲಿಗೆ ಕರೆಸಿದ. ಆ ಸಲ ನಾನು ಏನೂ ಉಣ್ಣಲಿಲ್ಲ. ಗಂಡಸರು ಉಂಡು ಎದ್ದ ಮೇಲೆ ಅಡುಗೆಮನೆಯಲ್ಲಿ ಉಂಡು ಬೆಳೆದವಳು ನಾನು. ನಿಮ್ಮ ಅಜ್ಜನ ಎದುರಿಗೆ ತುತ್ತು ಬಾಯಿಗಿಟ್ಟದ್ದೇ ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಅದೂ ಹೊಲದಲ್ಲಿ ಬುತ್ತಿ ಬಿಚ್ಚಿದಾಗ. ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಅವರು ಒಮ್ಮೆ ಮಿರ್ಚಿ ಭಜಿ ಕೊಡಿಸಿದ್ದರು. ಬಸ್ಸು ಊರು ದಾಟಲಿ ಎಂದು ಸೆರಗಿನೊಳಗೆ ಇಟ್ಟುಕೊಂಡು ಕೂತೆ. ತಿನ್ನುವ ಹೊತ್ತಿಗೆ ಅದು ತಣ್ಣಗಾಗಿ ಸೀರೆಗೆಲ್ಲ ಎಣ್ಣೆ ಹತ್ತಿತ್ತು. ಅಂಥವಳು ನಿಪ್ಪಾಣಿಯ ಹೋಟೆಲಿನಲ್ಲಿ, ಗುರುತಿಲ್ಲದ ಗಂಡಸರು ಆಚೀಚೆ ಕೂತಿರುವಾಗ, ಬಾಯಿ ತೆರೆದು ಉಣ್ಣುವುದು ಎಲ್ಲಿ ಬಂತು? ಅಣ್ಣ ಉಂಡ, ನಾನು ನೋಡಿದೆ. ಅಷ್ಟಕ್ಕೇ ಎಷ್ಟೋ ದಿನ ಸಮಾಧಾನವಿತ್ತು.

ಆದರೆ ಸಮಾಧಾನ ನಿಲ್ಲುವುದಿಲ್ಲ. ಅಣ್ಣನಿಗೆ ಉಸಿರಾಟದ ತೊಂದರೆ ಶುರುವಾಯಿತು. ಒಡ್ಡಿನವರೆಗೆ ಬರುವುದೂ ನಿಂತಿತು. ನನಗೆ ಬೇಕಾದದ್ದು ಒಂದೇ. ಅವನು ನನ್ನ ಮನೆಯ ಒಲೆಯ ಮುಂದೆ ಕೂತು, ನಾನು ಬಡಿದ ರೊಟ್ಟಿ ಒಮ್ಮೆ ಉಣ್ಣಬೇಕು. ದಿನ ಕಳೆದಂತೆ ಅದು ಆಗುವುದೇ ಇಲ್ಲವೇನೋ ಎಂಬ ಹೆದರಿಕೆ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದಿತ್ತು. ನಿಮ್ಮ ಅಪ್ಪ ಮತ್ತೆ ಫೋನು ಮಾಡಿ ಅಣ್ಣನನ್ನೂ ವೈನಿಯನ್ನೂ ಚಿಕ್ಕೋಡಿ ದಾಟಿ ಅಂಕಲಿ ರಸ್ತೆಯಲ್ಲಿರುವ ಖಾನಾವಳಿಗೆ ಬರಲು ಹೇಳಿದ. ವೈನಿ ಎಂದರೆ ಅಣ್ಣನ ಹೆಂಡತಿ, ನೀವು ಅವರನ್ನು ಬಲ್ಲಿರಿ, ನಕ್ಕರೆ ಅಂಗಳದಾಚೆಗೂ ಕೇಳುತ್ತದೆ. ನಾವು ಇಬ್ಬರು, ಅವರು ಇಬ್ಬರು. ನೀವು ಶಾಲೆಗೆ ಹೋಗಿದ್ದಿರಿ, ನಿಮ್ಮ ಅವ್ವ ಮನೆಯಲ್ಲಿ ಉಳಿದಳು.

ನಾವು ನಮ್ಮ ಗಾಡಿಯಲ್ಲಿ ಮೊದಲೇ ಹೋಗಿ ಕೂತೆವು. ಹೊರಗಿನ ಬೋರ್ಡಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಒಳಗೆ ಪರದೆ ಹಾಕಿದ ಫ್ಯಾಮಿಲಿ ರೂಮು. ಪರದೆ ನಡುವೆ ಹರಿದಿತ್ತು, ಆದ್ದರಿಂದ ನನಗೆ ರಸ್ತೆ ಕಾಣುತ್ತಿತ್ತು, ರಸ್ತೆಗೆ ನಾನೂ ಕಾಣುತ್ತಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಅಣ್ಣ ಬರುವ ಗಾಡಿ ಅವುಗಳ ಹಿಂದೆ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಎಂದ ನಿಮ್ಮ ಅಪ್ಪ. ನನಗೆ ಮಾತ್ರ ದಾರಿಯಲ್ಲಿ ಅವನಿಗೆ ಉಸಿರು ಕಟ್ಟಿತೋ ಏನೋ ಎನಿಸುತ್ತಿತ್ತು. ಎದ್ದು ಬಾಗಿಲಿಗೆ ಹೋಗಿ ನೋಡುವುದು, ಬಂದು ಕೂರುವುದು, ಸೆರಗು ಸರಿಮಾಡಿಕೊಳ್ಳುವುದು, ಮತ್ತೆ ಏಳುವುದು.

ಬಡಿಸುವವನು ನಡುವಯಸ್ಸಿನ ಗಂಡಸು, ಹೆಗಲ ಮೇಲೆ ಒದ್ದೆ ಬಟ್ಟೆ.

"ಏನ ತರ್ಲಿ ಆಯೀ? ಅಖ್ಖಾ ಮಸೂರ ಐತಿ, ಎಣ್ಣಿಗಾಯಿ ಐತಿ, ಜುಣಕಾ ಐತಿ."

"ತಡೀರಿ, ಇನ್ನ ಮಂದಿ ಬರೂದೈತಿ" ಎಂದ ನಿಮ್ಮ ಅಪ್ಪ.

"ಬರ್ಲಿ ಬರ್ಲಿ. ಅಲ್ಲಿಮಟ ಪಾಪಡ ತಿನ್ರಿ."

ಪಾಪಡ ಬಂತು. ನಾನು ಮತ್ತೆ ಎದ್ದೆ.

"ಅವ್ವಾ, ಒಂದ ಕಡೆ ಕುಂಡ್ರ. ನೀ ಹಿಂಗ ಎದ್ದ ಎದ್ದ ಬಾಗಲಾ ನೋಡಿದ್ರ, ಪಾಪಡ ತಿಂದ ಓಡಿ ಹೋಗ್ತೇವಂತ ತಿಳೀತಾನ ಅಂವ."

ಕೊನೆಗೆ ಅಣ್ಣ ಬಂದ. ಊರವರ ಜೀಪು ಅವರನ್ನು ಇಳಿಸಿ ಮುಂದೆ ಹೋಯಿತು. ಬಿಳಿ ಟೊಪ್ಪಿಗೆಯ ಕೆಳಗೆ ಮುಖ ಸಣ್ಣದಾಗಿತ್ತು. ಕೋಲು ಹಿಡಿದಿದ್ದ. ಅವನು ಕೋಲು ಹಿಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಸೊರಗೀಯಲ್ಲ ಬೇ ತಂಗಿ" ಎಂದ.

"ನೀನೂ ಸೊರಗೀ."

"ಇಬ್ರೂ ಸೊರಗೀರಿ" ಎಂದರು ವೈನಿ. "ಮೊದ್ಲ ಊಟಕ್ಕ ಹೇಳ್ರಿ. ತಂಗೀ ಕೂಡ ಉಣ್ಣಬೇಕಂತ ಇವ್ರು ಮುಂಜಾನಿಂದ ಬರೇ ಚಾದ ಮ್ಯಾಲ ಅದಾರ. ದಾರಿ ತುಂಬ ನನ್ನ ಜೀವಾ ತಿಂದಾರ."

ಊಟ ಬಂತು. ಇಡೀ ಮಸೂರದ ಕೆಂಪು ಸಾರು, ಅದರ ಮೇಲೆ ಎಣ್ಣೆ ತೇಲುತ್ತಿತ್ತು. ಎಣ್ಣೆಗಾಯಿ, ಬಿಸಿ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ. ಅಣ್ಣ ರೊಟ್ಟಿ ಮುರಿದು, ಉಳ್ಳಾಗಡ್ಡಿ ಕಚ್ಚಿ, ಹಸಿದವರಂತೆ ಉಣ್ಣತೊಡಗಿದ. ನಾನು ಗೋಡೆಯ ಕಡೆ ಸ್ವಲ್ಪ ತಿರುಗಿ ಕೂತು ಸಣ್ಣ ತುತ್ತು ಬಾಯಿಗಿಟ್ಟೆ. ಆ ಸಲ ಉಣ್ಣಬೇಕೆಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಅವನ ಜೊತೆ ಉಂಡೆ ಎಂದಾದರೂ ಆಗಲಿ ಎಂದು.

"ನಮ್ಮ ನಾದಿನಿ ಗ್ವಾಡಿಗೆ ಉಣಸಾಕತ್ತಾಳ ನೋಡ" ಎಂದು ವೈನಿ ನಿಮ್ಮ ಅಪ್ಪನಿಗೆ ಹೇಳಿದರು. ಅವನು ನಕ್ಕ. ನನಗೂ ನಗು ಬಂತು.

ಆಗಲೇ ಅಣ್ಣನಿಗೆ ಖಾರ ನೆತ್ತಿಗೇರಿತು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಮುಖ ಕೆಂಪು. ಹೋಟೆಲಿನ ಜಗ್ಗು ಮೇಜಿನ ಆ ತುದಿಯಲ್ಲಿತ್ತು. ನನ್ನ ಕೈ ಕೆಳಗಿನ ಚೀಲಕ್ಕೆ ಹೋಯಿತು. ಹೊರಗಿನ ನೀರು ನನಗೆ ಆಗುವುದಿಲ್ಲವೆಂದು ನಿಮ್ಮ ಅವ್ವ ಬಾಟಲಿ ತುಂಬಿ ಇಟ್ಟಿದ್ದಳು. ಅದನ್ನು ತೆಗೆದು, ಲೋಟಕ್ಕೆ ಹಾಕಿ, ಅವನ ಕೈಗೆ ಕೊಟ್ಟು, ಬೆನ್ನು ಸವರಿದೆ. ಉಣ್ಣುವವರಿಗೆ ಕೆಮ್ಮು ಬಂದರೆ ನೀರು ಕೊಡುವುದನ್ನು ನಾವು ಯೋಚಿಸಿ ಮಾಡುವುದಿಲ್ಲ. ಹುಟ್ಟಿದಾಗಿನಿಂದ ಕೈಗೆ ಅದೇ ರೂಢಿ.

ಅಣ್ಣ ಗಟಗಟ ಕುಡಿದ. ಉಸಿರು ಬಿಟ್ಟ.

"ಇನ್ನಷ್ಟ ಹಾಕ. ಛಲೋ ಐತಿ ನೀರ."

ನಾನು ಮತ್ತೆ ಹಾಕಿದೆ. ಅದನ್ನೂ ಕುಡಿದ. ಬಾಟಲಿಯ ಮುಚ್ಚಳ ತಿರುಗಿಸುವಾಗ ನನಗೆ ಹೊಳೆಯಿತು. ಅದು ನಮ್ಮ ಬಾವಿಯ ನೀರು. ನಮ್ಮ ಮನೆಯ ಅರಿವೆಯಲ್ಲಿ ಸೋಸಿ, ನಮ್ಮ ಕೊಡದಿಂದ ತುಂಬಿದ ನೀರು. ತಲೆ ಎತ್ತಿದರೆ ವೈನಿ ನನ್ನ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಿದ್ದರು. ಮೇಜಿನ ಕೆಳಗೆ ನನ್ನ ಕಾಲನ್ನು ಗಟ್ಟಿಯಾಗಿ ಒತ್ತಿದರು.

ಆಮೇಲೆ ರೊಟ್ಟಿ ಮುರಿಯುತ್ತಾ ಕೂತೆ, ಉಣ್ಣಲಿಲ್ಲ. ಅಣ್ಣ ಹಗುರವಾಗಿ ಮಾತಾಡುತ್ತಿದ್ದ, ಕಬ್ಬು ಕಡಿಯುವ ಟೋಳಿಯವರು ಈ ವರ್ಷ ತಡವಾಗಿ ಬಂದರು ಎಂದು, ಎಮ್ಮೆ ಕರು ಹಾಕಿತು ಎಂದು. ನಾನು ಹೂಂ ಎನ್ನುತ್ತಿದ್ದೆ. ಇಷ್ಟು ವರ್ಷ ನಾನು ಬಯಸಿದ್ದು ಇದೇ ಅಲ್ಲವೇ? ಅವನ ಹೊಟ್ಟೆಗೆ ನನ್ನ ಮನೆಯ ನೀರು ಹೋಗಲಿ ಎಂದು. ಹೋಗಿತ್ತು. ಆದರೆ ಅವನಿಗೆ ಗೊತ್ತಿಲ್ಲದೆ ಹೋಗಿತ್ತು. ದೇವರಿಗೆ ಗೊತ್ತಿತ್ತು. ಉಸಿರು ಹಿಡಿದುಕೊಂಡು ಬದುಕಿರುವ ಮನುಷ್ಯನಿಗೆ ಆಣೆ ಮುರಿದ ದೋಷ ತಗುಲಿದರೆ, ತಗುಲಿಸಿದವಳು ನಾನು.

ಮೊಸರನ್ನ ಹೇಳಿ ನಿಮ್ಮ ಅಪ್ಪ ಮಾತಿಗೆ ಕೂತಾಗ ನಾನು ಕೈ ತೊಳೆಯಲು ಎದ್ದೆ. ವೈನಿಯೂ ಹಿಂದೆ ಬಂದರು.

"ಸುಮ್ನಿರ" ಎಂದು ಪಿಸುಗುಟ್ಟಿದರು. "ಹೊಟ್ಯಾಗ ಹೋದ ನೀರ ತಿರಗಿ ಬರತೈತೇನು? ನೀ ಹೇಳಿದ್ರ ಅವ್ರ ಇನ್ನ ನಿದ್ದಿ ಮಾಡಂಗಿಲ್ಲ."

"ಹೇಳದಿದ್ರ ನಾ ಮಾಡಂಗಿಲ್ಲ ವೈನಿ."

"ದೇವರಿಗೆ ಬ್ಯಾರೆ ಉದ್ಯೋಗ ಇಲ್ಲೇನು, ಚಿಕ್ಕೋಡಿ ಖಾನಾವಳ್ಯಾಗ ಯಾರು ಯಾರ ನೀರ ಕುಡದ್ರಂತ ನೋಡಾಕ?"

"ವೀರಭದ್ರ ನೋಡ್ತಾನ್ರಿ."

ವೈನಿ ನಳ ಬಂದ್ ಮಾಡಿ ನನ್ನ ಮುಖ ನೋಡಿದರು. "ಇಬ್ರೂ ಒಂದ ತಾಯಿ ಹೊಟ್ಯಾಗ ಹುಟ್ಟೀರಿ, ಖರೇ. ಹೋಗ, ಹೇಳ. ಆಮ್ಯಾಲ ನನಗ ಅನಬ್ಯಾಡ."

ನಾನು ಬಂದು ಕೂತೆ. ಅಣ್ಣ ಮೊಸರನ್ನ ಕಲಸಿಕೊಂಡು ಅರ್ಧ ಉಂಡಿದ್ದ. ಉಂಡು ಮುಗಿಯಲಿ ಎನಿಸಿತು. ಮುಗಿಯುವವರೆಗೆ ನನ್ನ ಧೈರ್ಯ ಉಳಿಯುವುದಿಲ್ಲ ಎಂದೂ ಎನಿಸಿತು.

"ಅಣ್ಣಾ, ನೀ ಕುಡದದ್ದು ನಮ್ಮ ಮನೀ ನೀರ."

ಅವನ ಕೈ ತಾಟಿನಲ್ಲೇ ನಿಂತಿತು. ಬಾಟಲಿ ನೋಡಿದ. ನನ್ನನ್ನು ನೋಡಿದ.

"ಗೊತ್ತಿದ್ದ ಕೊಟ್ಟೀಯೇನು?"

"ಇಲ್ಲ. ನೀ ಕೆಮ್ಮಾಕತ್ತಿದ್ದಿ. ಕೈಗೆ ಸಿಕ್ಕದ್ದ ಕೊಟ್ಟೆ. ಕೊಟ್ಟ ಮ್ಯಾಲ ನೆನಪಾತು."

ನಿಮ್ಮ ಅಪ್ಪ ನಡುವೆ ಬಂದ. "ಮಾಮಾ, ಇದ ಹೋಟೆಲ್ಲು. ಇಲ್ಲಿ ಯಾವ ಆಣೀನೂ ನಡಿಯಂಗಿಲ್ಲ."

"ಹೋಟೆಲ್ದಾಗಿನ ದೇವರ ಬ್ಯಾರೆ ಅದಾನೇನಲೇ?" ಎಂದ ಅಣ್ಣ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ತಾಟು ಮುಂದಕ್ಕೆ ಸರಿಸಿ ಎದ್ದು, ಕೈ ತೊಳೆದು, ಕೋಲು ಹಿಡಿದು ಹೊರಗೆ ಹೋದ.

ನಿಮ್ಮ ಅಪ್ಪ ಹಿಂದೆ ಹೋಗಲು ಎದ್ದರೆ ವೈನಿ ಅಂಗಿ ಹಿಡಿದು ಕೂರಿಸಿದರು. ಹರಿದ ಪರದೆಯೊಳಗಿಂದ ಕಾಣುತ್ತಿತ್ತು. ಅವನು ರಸ್ತೆಯ ಅಂಚಿನ ಬೇವಿನ ಮರದ ಕೆಳಗೆ ನಮಗೆ ಬೆನ್ನು ಮಾಡಿ ನಿಂತಿದ್ದ. ಕಬ್ಬಿನ ಗಾಡಿಗಳು ಹೋಗುತ್ತಲೇ ಇದ್ದವು. ಒಂದು ಬಸ್ಸು ಬಂತು. ಅದಕ್ಕೆ ಕೈ ಮಾಡಿ ಹತ್ತಿ ಹೋಗಿಬಿಡುತ್ತಾನೆ ಎಂದು ನಾನು ಮೇಜಿನ ಅಂಚು ಹಿಡಿದುಕೊಂಡೆ. ಬಸ್ಸು ನಿಲ್ಲದೆ ಹೋಯಿತು. ಅವನು ಕೈ ಮಾಡಲಿಲ್ಲವೋ, ಅವರು ನಿಲ್ಲಿಸಲಿಲ್ಲವೋ, ಕಾಣಲಿಲ್ಲ.

ಬಡಿಸುವವನು ಬಂದು ಅರ್ಧ ಉಳಿದ ಮೊಸರನ್ನ ನೋಡಿದ. "ಹಿರ್ಯಾರಿಗೆ ಊಟ ಸೇರ್ಲಿಲ್ಲೇನ್ರಿ? ಖಾರ ಆತೇನು?"

"ಖಾರ ಅಲ್ರಿ" ಎಂದರು ವೈನಿ, "ನೀರ ಜಾಸ್ತಿ ಆತು."

ಅವನಿಗೆ ತಿಳಿಯಲಿಲ್ಲ. ಸೋಂಪು ಸಕ್ಕರೆಯ ಬಟ್ಟಲು ಇಟ್ಟು ಹೋದ. ನಿಮ್ಮ ಅಪ್ಪ ಈ ಮಾತನ್ನೇ ನಿಮಗೆ ಹೇಳಿ ನಗಿಸುವುದು. ಆ ಹೊತ್ತಿಗೆ ಅವನೂ ನಗಲಿಲ್ಲ.

ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. "ಗಾಡಿ ತಗೀಲೇ. ಯಡೂರಿಗೆ ಹೋಗೂನು."

ಗಾಡಿ ಹತ್ತಿದೆವು. ಅವನು ನಿಮ್ಮ ಅಪ್ಪನ ಪಕ್ಕದಲ್ಲಿ, ನಾವಿಬ್ಬರು ಹಿಂದೆ. ಅವನ ಕುತ್ತಿಗೆಯ ನೆರಿಗೆ ನೋಡುತ್ತಾ ನಾನು ಸೆರಗಿನ ಅಂಚು ಸುತ್ತಿ ಬಿಡಿಸಿ ಮಾಡುತ್ತಿದ್ದೆ. ತಪ್ಪು ಒಪ್ಪಿಸಿ ಆಣೆಯನ್ನು ಮತ್ತೆ ಗಟ್ಟಿ ಮಾಡಿಕೊಳ್ಳುತ್ತಾನೋ, ಬಿಡಿಸಿಕೊಳ್ಳುತ್ತಾನೋ? ಎರಡೂ ಅದೇ ಗುಡಿಯಲ್ಲಿ ಆಗುವಂಥವು. ಕೇಳುವ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನವಾದ್ದರಿಂದ ಗುಡಿಯಲ್ಲಿ ಜನ ಕಡಿಮೆ. ಅಣ್ಣ ಹೊರಗೆ ಕಾಯಿ, ಕರ್ಪೂರ ಕೊಂಡು, ಪೂಜಾರಿಯ ಮುಂದೆ ಟೊಪ್ಪಿಗೆ ತೆಗೆದು ನಿಂತ. ಆಣೆ ಮಾಡಿದ್ದನ್ನು, ನೀರು ಕುಡಿದದ್ದನ್ನು ಇದ್ದದ್ದು ಇದ್ದಂತೆ ಹೇಳಿದ. ಪೂಜಾರಿ ವಯಸ್ಸಾದವರು, ಇಂಥವು ಎಷ್ಟೋ ಕೇಳಿದವರು.

"ಸಿಟ್ಟಿಲೇ ಮಾಡಿದ ಆಣಿ ಏನ್ರಿ?" ಎಂದು ಕೇಳಿದರು.

"ಸಿಟ್ಟಿಲೇ ಅಲ್ರಿ."

"ಮತ್ತ?"

ಅಣ್ಣ ಕೈಯಲ್ಲಿದ್ದ ಟೊಪ್ಪಿಗೆಯನ್ನು ಎರಡು ಸಲ ತಿರುಗಿಸಿದ. ನಾನು ಕಂಬದ ಹಿಂದೆ ಸ್ವಲ್ಪ ಸರಿದೆ.

"ಅಕೀನ ಒಬ್ಬಾಕೀನ ಆ ಮನ್ಯಾಗ ಬಿಟ್ಟ ಬರಾಕ ಜೀವಾ ತಡೀಲಿಲ್ರಿ. ಹಿಂಗಂದ್ರರ ಗಾಡಿ ಹತ್ತತಾಳ ಅಂತ ತಿಳದಿದ್ದೆ. ಹತ್ತಲಿಲ್ಲ."

ಇಷ್ಟು ವರ್ಷ ಆ ಮಾತು ನನಗೆ ಶಿಕ್ಷೆ ಎಂದೇ ನಾನು ತಿಳಿದಿದ್ದೆ. ಅದು ನನ್ನನ್ನು ಗಾಡಿ ಹತ್ತಿಸಲು ಹಾಕಿದ ಹೆದರಿಕೆ ಮಾತ್ರ ಎಂದು ಅವನು ನನಗೆ ಹೇಳಿರಲಿಲ್ಲ, ಪೂಜಾರಿಗೆ ಹೇಳಿದ. ನಾನು ಕಂಬಕ್ಕೆ ಹಣೆ ಹಚ್ಚಿ ನಿಂತೆ. ಕಲ್ಲು ತಂಪಾಗಿತ್ತು.

ಪೂಜಾರಿ ಕಾಯಿ ಒಡೆದು, ಇಬ್ಬರ ಹಣೆಗೂ ವಿಭೂತಿ ಹಚ್ಚಿದರು. "ಕಾಯಿ ಛಲೋ ಬಂದೈತಿ. ದೇವರ ಕಡಿಂದ ಬಿಡುಗಡೆ ಆತು. ನಿಮ್ಮ ನಿಮ್ಮ ಕಡಿಂದ ನೀವ ನೋಡ್ಕೊರ್ರಿ" ಎಂದರು.

ನಿಮ್ಮ ಕಡೆಯಿಂದ ಎಂದರೆ ಅಣ್ಣನ ಕಡೆಯಿಂದ. ಅವನು ಹೊರಗೆ ಬಂದ. ಮೆಟ್ಟಿಲ ಮೇಲೆ ಕೂತು ಹೊಳೆಯ ಗಾಳಿಗೆ ಉಸಿರು ತೆಗೆದುಕೊಂಡ. ದೇವರು ಬಿಟ್ಟರೂ ಮನುಷ್ಯ ಬಿಡದೆ ಇರಬಹುದು. ಇಷ್ಟು ವರ್ಷ ಬಾರದವನು ಇನ್ನು ಬರುವುದೇಕೆ ಎಂದು ಸುಮ್ಮನೆ ಕಬ್ಬೂರಿಗೆ ಹೋಗಿಬಿಡಬಹುದು. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಾಲು ಎಡಬಲ ತಪ್ಪುತ್ತಿತ್ತು. ವೈನಿ ನನ್ನ ರಟ್ಟೆ ಹಿಡಿದುಕೊಂಡೇ ನಡೆದರು.

ದೊಡ್ಡ ರಸ್ತೆಗೆ ಬಂದಾಗ ನಿಮ್ಮ ಅಪ್ಪ ಗಾಡಿ ನಿಧಾನ ಮಾಡಿದ. ಒಂದು ದಾರಿ ಚಿಕ್ಕೋಡಿಯ ಮೇಲೆ ಕಬ್ಬೂರಿಗೆ ಹೋಗುತ್ತದೆ. ಇನ್ನೊಂದು ಹೊಳೆ ದಾಟಿ ಕಾಗವಾಡದ ಮೇಲೆ ನಮ್ಮ ಅಥಣಿ ಕಡೆಗೆ. ಅವನು ಗಾಡಿಯನ್ನು ಯಾವ ಕಡೆಗೂ ತಿರುಗಿಸದೆ ನಿಲ್ಲಿಸಿದ. ಹಿಂದಿನ ಟ್ರ್ಯಾಕ್ಟರಿನವನು ಹಾರ್ನು ಹೊಡೆದ.

"ಯಾಕ ನಿಂದ್ರಿಸಿದಿ?" ಎಂದ ಅಣ್ಣ.

"ಯಾವ ಕಡೆ ಹೊಡೀಲಿ ಮಾಮಾ?"

ಅಣ್ಣ ಮುಂದಿನ ಗಾಜಿನಿಂದ ಎರಡೂ ದಾರಿಗಳನ್ನು ನೋಡಿದ, ಮೊದಲ ಸಲ ನೋಡುವವರಂತೆ. ನಾನು ಕಣ್ಣು ಮುಚ್ಚಿಕೊಂಡೆ. ಬೇಡ ಎನ್ನುವುದನ್ನು ಕೇಳಿಸಿಕೊಳ್ಳಬಲ್ಲೆ, ನೋಡಲಾರೆ ಎನಿಸಿತ್ತು.

"ಮೊಸರನ್ನ ಅರ್ಧಕ್ಕ ಬಿಟ್ಟ ಎದ್ದೇನಿ. ಹಸಿವಿ ಆಗೇತಿ" ಎಂದ. ಆಮೇಲೆ ಹಿಂದೆ ತಿರುಗದೆಯೇ ನನ್ನನ್ನು ಕೇಳಿದ, "ಮನ್ಯಾಗ ಏನ ಐತಿ ಬೇ?"

ನಾನು ಕಣ್ಣು ತೆರೆದೆ. ಏನಿದೆ ಎಂದು ನೆನಪಾಗಲಿಲ್ಲ. ಬೆಳಗಿನ ಬದನೆಕಾಯಿ ಪಲ್ಯ ಉಳಿದಿತ್ತೋ ಇಲ್ಲವೋ, ಜೋಳದ ಹಿಟ್ಟು ಬೀಸಿಸಿ ತಂದದ್ದು ಖಾಲಿಯಾಗಿತ್ತೋ, ಎಮ್ಮೆಯ ಮೊಸರು ಹೆಪ್ಪು ಹಿಡಿದಿತ್ತೋ ಇಲ್ಲವೋ. ವೈನಿ ಪಕ್ಕದಲ್ಲಿ ಮೊಣಕೈಯಿಂದ ತಿವಿದರು. "ಕೇಳ್ತಾರಲ್ಲ, ಹೇಳ. ಇಲ್ಲಂದ್ರ ನಾ ಹೇಳ್ತೇನಿ, ಇವತ್ತ ಉಪವಾಸ ಅಂತ."

ಗಾಡಿ ಹೊಳೆಯ ಕಡೆಗೆ ತಿರುಗಿತು. ನಾನು ನಿಮ್ಮ ಅಪ್ಪನ ಫೋನು ಕೇಳಿ ತೆಗೆದುಕೊಂಡು, ನಿಮ್ಮ ಅವ್ವನಿಗೆ ಹಚ್ಚಿಸಿಕೊಂಡೆ. ಸೇತುವೆಯ ಮೇಲೆ ಗಾಳಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಯಾರು ಬರುತ್ತಿದ್ದಾರೆ ಎಂದು ಅವಳು ಮತ್ತೆ ಮತ್ತೆ ಕೇಳಿದಳು. ನಾನು ಹೇಳಿದ್ದು ಇಷ್ಟೇ:

"ಒಲಿ ಹಚ್ಚ. ರೊಟ್ಟಿ ಮಾತ್ರ ನೀ ಬಡೀಬ್ಯಾಡ, ನಾನ ಬಂದ ಬಡೀತೇನಿ."